ಮೊಹಿದ್ದೀನನ ಎಡಗಡೆ

ನಮ್ಮ ಗುಲಾಮ್ ಮೊಹಿದ್ದೀನ್ ಶಿವಮೊಗ್ಗದಲ್ಲಿ ಬಾಡಿಗೆ ಕಾರು ಓಡಿಸಲು ಶುರು ಮಾಡಿದಾಗ ತುಂಗಾ ನದಿ ಇನ್ನೂ ಹರಿಯುವುದನ್ನು ಕಲಿಯುತ್ತಿತ್ತು. ಸಕ್ರೆಬೈಲಿನ ಆನೆಗಳು ಅವನ ಹಾರನ್ ಗುರುತು ಹಿಡಿದು ದಾರಿ ಬಿಡುತ್ತಿದ್ದವು. ಬಿಡದ ಒಂದು ಆನೆಗೆ ಇವನು ಗದರಿಸಿದ್ದಕ್ಕೆ ಅದು ಮುನಿಸಿಕೊಂಡು ವಾರಗಟ್ಟಲೆ ಕಬ್ಬು ಮುಟ್ಟಲಿಲ್ಲವಂತೆ. ಇದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಈ ವಯಸ್ಸಿನವರೆಗೆ ಅವನ ಗಾಡಿ ಒಂದು ಕೋಳಿಮರಿಗೂ ತಾಗಿದ್ದಿಲ್ಲ ಎಂಬುದನ್ನು ಮಾತ್ರ ನಂಬಲೇಬೇಕು. ಪಕ್ಕದ ಮನೆಯಲ್ಲಿದ್ದು ಕಣ್ಣಾರೆ ಕಂಡವನು ನಾನು.

ಹಾಗಾಗಿಯೇ ವಿಶ್ವವಿದ್ಯಾಲಯದವರು ಹೊರಗಿನ ಪ್ರೊಫೆಸರುಗಳನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತರಲು ಅವನನ್ನೇ ಕರೆಯುತ್ತಿದ್ದರು. ಆ ಸಲ ಮುಂದಿನ ವಾರ ಅಲ್ಲಿ ಮಿದುಳಿನ ಬಗ್ಗೆ ಉಪನ್ಯಾಸಗಳಿದ್ದವು. ಕಣ್ಣು ಕಂಡದ್ದನ್ನು ಮಿದುಳು ಹೇಗೆ ತಿಳಿಯುತ್ತದೆ, ತಿಳಿದದ್ದನ್ನು ಹೇಗೆ ನೆನಪಿಡುತ್ತದೆ ಎಂಬಂಥ ವಿಷಯಗಳು. ಅದರ ಪೋಸ್ಟರನ್ನು ಮೊಹಿದ್ದೀನ್ ತನ್ನ ಕಾರಿನ ಹಿಂದಿನ ಗಾಜಿಗೆ ಅಂಟಿಸಿಕೊಂಡು, ತಾನೇ ಭಾಷಣ ಮಾಡುವವನ ಹಾಗೆ ಊರೆಲ್ಲ ತಿರುಗುತ್ತಿದ್ದ.

ಆಗ ಭದ್ರಾವತಿಯಲ್ಲಿ ಆ ಊಟ ನಡೆಯಿತು.

ಅವನ ಮಗಳು ರೂಹಿಗೆ ಭದ್ರಾವತಿಯ ಮುಸ್ತಕೀಮನ ಮಗ ಶಹಬಾಜನ ಜೊತೆ ಸಂಬಂಧ ಕುದುರಿತ್ತು. ಮುಸ್ತಕೀಮನದು ನ್ಯೂ ಟೌನ್ ಹತ್ತಿರ ವೆಲ್ಡಿಂಗ್ ಶಾಪು. ನಿಶ್ಚಯದ ಊಟಕ್ಕೆ ನನ್ನನ್ನೂ ಕರೆದೊಯ್ದಿದ್ದರು. ನನ್ನಂಥ ಲಿಂಗಾಯತನಿಗೆಂದು ಬೇರೆ ಅಡುಗೆ ಮಾಡಿಸಿ, ಒಂದು ಕುರ್ಚಿ ಹಾಕಿ ಕೂರಿಸಿದ್ದರು. ಉಳಿದವರು ಕೆಳಗೆ, ಅಗಲವಾದ ಒಂದೊಂದು ತಟ್ಟೆಗೆ ನಾಲ್ವರಂತೆ. ಅವರವರ ಮುಂದಿನ ಅನ್ನ ಅವರವರು ಉಣ್ಣಬೇಕು. ಒಳ್ಳೆಯ ತುಂಡು ಸಿಕ್ಕರೆ ಅದನ್ನು ಪಕ್ಕದವನ ಕಡೆಗೆ ತಳ್ಳಬೇಕು. ಬೀಗರ ನಡುವೆ ಆ ತಳ್ಳುವುದರಲ್ಲೇ ಮರ್ಯಾದೆಯೆಲ್ಲ ಇರುವುದು.

ಮೊಹಿದ್ದೀನನ ಎಡಕ್ಕೆ ಮುಸ್ತಕೀಮ್ ಕೂತ. ಬಲಕ್ಕೆ ಮುಸ್ತಕೀಮನ ಶಾಪಿನಲ್ಲಿ ಕೂಲಿಗಿದ್ದ ಒಬ್ಬ ವೆಲ್ಡರ್. ನಮ್ಮವನು ಸಿಕ್ಕಿದ ತುಂಡನ್ನೆಲ್ಲ ಬಲಕ್ಕೇ ತಳ್ಳಿದ. ಆ ವೆಲ್ಡರನ ಮುಂದೆ ಮಾಂಸದ ಗುಡ್ಡ ಎದ್ದು ಚಂದ್ರಗುತ್ತಿ ಬೆಟ್ಟಕ್ಕಿಂತ ಒಂದೆರಡು ಅಡಿ ಮಾತ್ರ ಕಮ್ಮಿಯಾಯಿತು. ಬೀಗನ ಮುಂದೆ ಬರೀ ಅನ್ನ. ಮುಸ್ತಕೀಮ್ ತಾನಾಗಿ ಒಂದು ತುಂಡು ಇವನತ್ತ ಸರಿಸಿದ, ಇವನು ಮುಟ್ಟಲಿಲ್ಲ. ಮಾತಾಡಿಸಿದ, ಇವನು ವೆಲ್ಡರನ ಕಡೆ ತಿರುಗಿ ಉತ್ತರ ಕೊಟ್ಟ. ಮುಸ್ತಕೀಮ್ ಎದ್ದು ಕೈ ತೊಳೆದುಬಿಟ್ಟ.

ಮರುದಿನವೇ ಸಂಬಂಧ ತಂದಿದ್ದ ವಜೀರಾ ಆಪಾ ಸುದ್ದಿ ತಂದಳು. ಮೊಹಿದ್ದೀನ್ ಬಂದು ಮಾಫಿ ಕೇಳಬೇಕು, ಇಲ್ಲದಿದ್ದರೆ ಈ ನಿಕಾಹ್ ಇಲ್ಲ.

"ಅವನು ಪಂಕ್ತಿಗೆ ಕೂತೇ ಇರ್ಲಿಲ್ಲ ಕಣೋ ಮಾರಾಯ," ಎಂದು ಮೊಹಿದ್ದೀನ್ ನನ್ನ ಮುಂದೆ ಆಣೆ ಹಾಕಿದ. "ಮಾಫಿ ಯಾಕೆ ಕೇಳ್ಲಿ?"

ಸುಳ್ಳು ಹೇಳುವುದರಲ್ಲಿ ಜಿಲ್ಲೆಗೇ ನಾನು ಮೊದಲಿಗ. ಇನ್ನೊಬ್ಬನ ಸುಳ್ಳು ನನಗೆ ಫರ್ಲಾಂಗ್ ದೂರದಿಂದ ವಾಸನೆ ಬರುತ್ತದೆ. ಇದು ಸುಳ್ಳಾಗಿರಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಉಪನ್ಯಾಸಗಳ ಓಡಾಟ ನೋಡಿಕೊಳ್ಳುತ್ತಿದ್ದವರು ಸ್ಫೂರ್ತಿ ಎಂಬ ಯುವ ಅಧ್ಯಾಪಕಿ. ಆ ವಾರ ಅವರು ಕಾರಿನಲ್ಲಿದ್ದಾಗಲೇ ಮೊಹಿದ್ದೀನ್ ವಿಶ್ವವಿದ್ಯಾಲಯದ ಗೇಟಿನ ಎಡಗಂಬಕ್ಕೆ ಗಾಡಿ ಉಜ್ಜಿದ. ಉಜ್ಜಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಸ್ಫೂರ್ತಿ ಗಾಡಿ ನಿಲ್ಲಿಸಲು ಹೇಳಿ, ಪಕ್ಕದ ಮನೆಯವನೆಂದು ನನ್ನನ್ನು ಕರೆಸಿಕೊಂಡು, ಅವನಿಗೊಂದು ಆಟ ಹೇಳಿದರು. ಕಣ್ಣು ಮುಚ್ಚಿ ಗೋಪಿ ಸರ್ಕಲ್ಲಿನಿಂದ ದುರ್ಗಿಗುಡಿಯೊಳಗೆ ಹೋಗಿ, ಏನೇನು ಅಂಗಡಿ ಇದೆ ಹೇಳಿ, ಎಂದರು. ಅವನು ಗಡಗಡ ಹೇಳಿದ. ಎಲ್ಲ ಬಲಗಡೆಯವು. ಎಡಗಡೆಯ ಸಾಲನ್ನು ಪೂರ್ತಿ ನೆಲಸಮ ಮಾಡಿದ್ದ. ಬುಲ್ಡೋಜರಿನಿಂದಲೂ ಆಗದಂಥ ಕೆಲಸ. ಈಗ ಆ ತುದಿಯಿಂದ ವಾಪಸ್ ಬನ್ನಿ, ಎಂದರು. ಆಗ ನೆಲಸಮವಾಗಿದ್ದ ಅಂಗಡಿಗಳೆಲ್ಲ ಬಾಗಿಲು ತೆರೆದವು. ಮೊದಲು ಹೇಳಿದ ಅಂಗಡಿ ಒಂದೂ ಉಳಿದಿರಲಿಲ್ಲ.

ನನಗೆ ನಗು ಬಂತು. ಸ್ಫೂರ್ತಿ ನಗಲಿಲ್ಲ. ಸೀದಾ ಆಸ್ಪತ್ರೆಗೆ ಹೊರಡಿಸಿದರು.

ಸ್ಕ್ಯಾನ್ ನೋಡಿದ ಡಾಕ್ಟರು, ಮಿದುಳಿನ ಬಲಭಾಗದಲ್ಲಿ ರಕ್ತ ಕಟ್ಟಿ ಒಂದಿಷ್ಟು ಜಾಗ ಕೆಟ್ಟಿದೆ ಎಂದರು. ಹಿಂದಿನ ತಿಂಗಳು ಅವನು ಬಚ್ಚಲಲ್ಲಿ ತಲೆ ಸುತ್ತಿ ಕೂತದ್ದು ಅದೇ ಅಂತೆ. ಕಣ್ಣು ಸರಿಯಾಗಿದೆ, ಎಡಗಡೆಯದನ್ನು ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಸುಧಾರಿಸಬಹುದು, ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟಕೂಡದು. ಗುರುವಾರದ ಉಪನ್ಯಾಸ ಇದೇ ತೊಂದರೆಯ ಮೇಲೆ ಎಂದು ಸ್ಫೂರ್ತಿ ಹೇಳಿದರು.

ಸದ್ಯ, ಬೀಗನಿಗೆ ಹೇಳಲು ಕಾರಣವೊಂದು ಸಿಕ್ಕಿತಲ್ಲ ಎಂದು ನಾನು ಅಂದುಕೊಂಡೆ. ಮೊಹಿದ್ದೀನನ ಹೆಂಡತಿ ಅನೀಸಾ ನನ್ನ ಬಾಯಿ ಮುಚ್ಚಿಸಿದಳು.

"ಸೊಕ್ಕು ಅಂದ್ರೆ ಮಾಫ್ ಮಾಡ್ತಾರೆ, ಅಣ್ಣ. ತಲೆ ಕೆಟ್ಟಿದೆ ಅಂದ್ರೆ ಹುಡುಗೀನೇ ಬಿಡ್ತಾರೆ. ಅಪ್ಪಂದು ಮಗಳಿಗೂ ಬರುತ್ತೆ ಅಂತಾರೆ. ಸೊಕ್ಕು ಮಾಡ್ದೆ ಅಂತ್ಲೇ ಒಪ್ಕೊಳ್ಳಿ."

ಮಾಡದ ತಪ್ಪಿಗೆ ಬಾಗಬೇಕು. ಭಾನುವಾರ ನಾವಿಬ್ಬರೂ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಹುಟ್ಟಿದಾಗಲೇ ಕಾರಿನಿಂದ ಇಳಿದು ಬಂದವನೆಂದು ನಾನು ಹೇಳಿಕೊಂಡು ತಿರುಗುತ್ತಿದ್ದ ಮನುಷ್ಯ ಬಸ್ಸಿನ ಕಂಬಿ ಹಿಡಿದು ನಿಂತಿದ್ದ. ಕಾರಿನ ಕೀಲಿ ಮಾತ್ರ ಅಭ್ಯಾಸಬಲದಿಂದ ಜೇಬಿನಲ್ಲಿತ್ತು. ಮುಸ್ತಕೀಮನ ಮನೆಯಲ್ಲಿ ನಾನು ಯಾವುದೋ ನೆಪ ತೆಗೆದು ಕುರ್ಚಿಗಳನ್ನು ಎಳೆದಾಡಿ, ಬೀಗನನ್ನು ಇವನ ಬಲಕ್ಕೆ ಬರುವಂತೆ ಕೂರಿಸಿದೆ. ಮೊಹಿದ್ದೀನ್ ತಲೆ ತಗ್ಗಿಸಿ, ಆವತ್ತು ನನಗೆ ಸೊಕ್ಕು ಬಂದಿತ್ತು, ಮಾಫ್ ಮಾಡಿ, ಎಂದ. ಮುಸ್ತಕೀಮನ ಮುಖ ನಿಧಾನಕ್ಕೆ ಸಡಿಲವಾಯಿತು. ಚಾ ಬಂತು, ಖಾರಾ ಬಂತು. ಕೆಲಸ ಮುಗಿಯಿತೆಂದು ನಾನು ಖಾರಕ್ಕೆ ಕೈ ಹಾಕಿದೆ.

ಆಗ ಮುಸ್ತಕೀಮ್ ದೊಡ್ಡ ಮನಸ್ಸು ತೋರಿಸಿಬಿಟ್ಟ.

"ಆಯ್ತು ಬಿಡಿ ಭಾಯ್, ನನ್ನ ಮನಸ್ಸಲ್ಲೂ ಏನಿಲ್ಲ. ನಿಕಾಹ್ ದಿನ ನಮ್ಮ ಶಹಬಾಜ್ ನಿಮ್ಮ ಗಾಡೀಲೇ ಬರ್ಬೇಕು. ನೀವೇ ಓಡಿಸ್ಬೇಕು. ಊರೆಲ್ಲ ನೋಡ್ಲಿ, ಬೀಗರು ಒಂದಾದ್ರು ಅಂತ."

ಬೇಡವೆಂದರೆ ಹೊಸ ಅವಮಾನ. ಮಂಡಿನೋವಿನ ಕಥೆ, ಗಾಡಿ ರಿಪೇರಿಯ ಕಥೆ, ನನ್ನ ಬಾಯಿಯ ತುದಿಯಲ್ಲಿ ಒಂದು ಲಾರಿ ಲೋಡು ಸುಳ್ಳು ಸಿದ್ಧವಿತ್ತು. ಮೊಹಿದ್ದೀನ್ ಅದಕ್ಕೆ ಕಾಯಲಿಲ್ಲ. ಕೀಲಿ ತೆಗೆದು ಮೇಜಿನ ಮೇಲಿಟ್ಟ.

"ಆಗಲ್ಲ ಭಾಯ್. ನನಗೆ ಸೊಕ್ಕು ಬಂದಿರ್ಲಿಲ್ಲ. ಮಿದುಳಲ್ಲಿ ಪೆಟ್ಟಾಗಿದೆ, ಎಡಗಡೆ ಇರೋದು ನನಗೆ ತಿಳಿಯಲ್ಲ. ಆವತ್ತು ನೀವು ಎಡಗಡೆ ಇದ್ರಿ. ಮದುಮಗ ಕೂರೋದೂ ಎಡಗಡೆ ಸೀಟಲ್ಲೇ. ನಿಮ್ಮ ಮಗನ್ನ ನನ್ನ ಕೈಗೆ ಕೊಡ್ಬೇಡಿ."

ಮುಸ್ತಕೀಮ್ ಮೆಲ್ಲಗೆ ಕೇಳಿದ: "ಇದು ಹುಡುಗೀಗೂ ಬರುತ್ತಾ?"

"ಬರಲ್ಲ ಅಂತ ಡಾಕ್ಟ್ರು ಹೇಳಿದ್ರು. ನಾನು ಹೇಳಿದ್ರೆ ನೀವು ನಂಬ್ತೀರಾ?"

ಈಗ ತಾನೇ ಒಂದು ಸುಳ್ಳು ಮಾಫಿ ಕೇಳಿ ಕೂತಿದ್ದೆವಲ್ಲ, ಅವನು ನಂಬುವುದಾದರೂ ಹೇಗೆ? ಉಪನ್ಯಾಸದ ವಿಷಯ ನಾನೇ ಎತ್ತಿದೆ. ಎಲ್ಲಿ, ಯಾವತ್ತು ಎಂದು ಅವನು ವಿಚಾರಿಸಿಕೊಂಡ. ಗುರುವಾರ ನಾನೇ ಬಂದು, ಹೊರಗಿಂದ ಬರುವ ಪ್ರೊಫೆಸರನ್ನು ಎಲ್ಲರೆದುರು ಕೇಳುತ್ತೇನೆ, ನಿಕಾಹ್ ಮಾತು ಆಮೇಲೆ, ಎಂದ. ಬಾಗಿಲವರೆಗೆ ಬಂದು ಬೀಳ್ಕೊಟ್ಟ. ತಬ್ಬಿಕೊಳ್ಳಲಿಲ್ಲ.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಅನೀಸಾ ಗೋಡೆಗೊರಗಿ ಕೂತಳು. ನಾನು ಏನಾದರೂ ತಮಾಷೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ರೂಹಿ ಬಂದು ನಿಂತಳು.

"ಗುರುವಾರ ನಾನೂ ಬರ್ತೀನಿ ಅಬ್ಬಾ," ಎಂದಳು. "ಕೇಳೋದು ನನ್ನ ವಿಷಯ ತಾನೆ? ಉತ್ತರ ಏನು ಬರುತ್ತೆ ಅಂತ ನನ್ನ ಕಿವೀಲೇ ಕೇಳ್ಬೇಕು."