ಒರಳಿನ ಹತ್ತಿರ ಆಡಿದ ಮಾತು

ನನ್ನ ಮೊಮ್ಮಗಳು ದೊಮ್ಮಲೂರಲ್ಲಿ ಒಂದು ರೂಮು ಹಿಡಿದು ಬೋರ್ಡು ಹಾಕಿದ್ದಾಳೆ. ಗಂಡ ಹೆಂಡತಿ, ಅತ್ತೆ ಸೊಸೆ, ಅಪ್ಪ ಮಗ, ಕಿತ್ತಾಡಿಕೊಂಡವರೆಲ್ಲ ಬಂದು ಕೂತು ಮಾತಾಡುವ ರೂಮು. ಬೋರ್ಡಿನಲ್ಲಿ ಅವಳ ಹೆಸರಿನ ಮುಂದಿದ್ದ ಅಕ್ಷರಗಳನ್ನೆಲ್ಲ ಒಂದೊಂದಾಗಿ ಬೆರಳಿಟ್ಟು ಓದಿದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಹೊತ್ತು ಹಿಡಿಯಿತು. ಹಿಡೀಲಿ ಬಿಡಿ! ಬೀದಿಗೆಲ್ಲ ಮೈಸೂರುಪಾಕು ಹಂಚಿದೆ. ಹಾಲಿನವನಿಗೆ ಎರಡು ಸಲ ಕೊಟ್ಟೆನಂತೆ, ಅವನೇ ನಗುತ್ತಾ ಹೇಳಿದ.

ಅವತ್ತು ಅವಳು ತನ್ನ ಕೆಲಸದ ನಿಯಮಗಳನ್ನು ಓದಿ ಹೇಳಿದಳು. ಬಂದವರು ಹೇಳಿದ್ದನ್ನು ಅವರನ್ನು ಕೇಳದೆ ಇನ್ನೊಬ್ಬರಿಗೆ ಹೇಳಬಾರದು. ಜೀವಕ್ಕೆ ಅಪಾಯ ಅಂತ ಕಂಡರೆ ಮಾತ್ರ, ಕಾಪಾಡಬಲ್ಲವರಿಗೆ ಹೇಳಬೇಕು. ಯಾರ ಕಡೆಯೂ ವಾಲಬಾರದು. ಓದಿ ಮುಗಿಸಿ, "ಇದೆಲ್ಲ ಕಾನೂನಿನ ವಿಷಯ ಅಜ್ಜಿ, ನಿಂಗೆ ಗೊತ್ತಾಗಲ್ಲ ಬಿಡು" ಅಂದುಬಿಟ್ಟಳು.

ಗೊತ್ತಾಗಲ್ವಾ? ಇದೇ ವಿಷಯಕ್ಕೆ ದಂಡು ಪ್ರದೇಶದ ಕೋರ್ಟಿನಲ್ಲಿ ಕಟಕಟೆ ಹತ್ತಿದವಳು ಕಣೇ ನಾನು! ಅದಕ್ಕೇ ಬರೆಯೋಕೆ ಕೂತಿದ್ದೀನಿ. ತಪ್ಪಿದ್ದರೆ ಓದುವವರು ತಿದ್ದಿಕೊಂಡು ಓದಲಿ.

ಯುದ್ಧದ ಕಾಲ. ನಾವು ಹಲಸೂರಿನ ಒಂದು ವಠಾರದಲ್ಲಿದ್ದೆವು. ಎಂಟು ಮನೆ, ಗೋಡೆಗೆ ಗೋಡೆ. ಒಬ್ಬರು ಸೀನಿದರೆ ನಾಲ್ಕು ಮನೆಗೆ ಕೇಳುತ್ತಿತ್ತು. ಮನೆಯಲ್ಲಿ ಕಷ್ಟ ಅಂತ ಹೆಂಗಸರು ನಮ್ಮ ಅತ್ತೆಯ ಹತ್ತಿರ ಬರುತ್ತಿದ್ದರು. ಬರುವಾಗ ನೆನೆಸಿದ ಉದ್ದಿನಬೇಳೆ ತರುತ್ತಿದ್ದರು. ಹಿತ್ತಲಲ್ಲಿ ನಮ್ಮ ಒರಳು. ರುಬ್ಬುತ್ತಾ ಮಾತಾಡಿದರೆ ರುಬ್ಬುಗುಂಡಿನ ಗಡಗಡ ಸದ್ದಿಗೆ ಪಕ್ಕದವರ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಅಳು ಬಂದಾಗ ಅತ್ತೆ ಗುಂಡನ್ನು ಇನ್ನೂ ಜೋರಾಗಿ ತಿರುಗಿಸುತ್ತಿದ್ದರು. ಅಲ್ಲಿ ಆಡಿದ್ದು ಅಲ್ಲೇ ಇರಬೇಕು ಅನ್ನೋದು ಅವರ ಕಟ್ಟುನಿಟ್ಟು.

ಅತ್ತೆಗೆ ಕಿವಿ ಪೂರ್ತಿ ಮಂದವಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಆಗ ನನಗಿನ್ನೂ ಇಪ್ಪತ್ತೆರಡು. ಗಂಡಸರು ಬಂದರೆ ಜಗಲಿ ಮೇಲೆ ಮಾತು, ಮಧ್ಯೆ ಅತ್ತೆ ಕೂರುತ್ತಿದ್ದರು. ಮರ್ಯಾದೆಗೆ ಮರ್ಯಾದೆಯೂ ಆಯಿತು, ಅವರಿಗೆ ಕೇಳಿಸುವ ಭಯವೂ ಇಲ್ಲ.

ನಮ್ಮ ವಠಾರದಲ್ಲೇ ಒಬ್ಬಳು ಹುಡುಗಿಯಿದ್ದಳು, ಮೂರು ವರ್ಷದ ಹೆಣ್ಣುಮಗುವಿನ ತಾಯಿ. ಗಂಡ ಮಿಲ್ಟ್ರಿ ವರ್ಕ್‌ಶಾಪಿನಲ್ಲಿದ್ದ. ಮನೆಗೆ ಬಂದರೆ ಅವಳ ಹತ್ತಿರ ಒಂದು ಮಾತಿಲ್ಲ, ಆಡಿದರೆ ಬೈಗುಳವೇ. ಒಂದು ದಿನ ನಾನು ರುಬ್ಬುತ್ತಿದ್ದಾಗ ಅವಳು, "ಅಕ್ಕಾ, ಹೋಗಿ ಕೆರೆಗೆ ಬಿದ್ದುಬಿಡೋಣ ಅನ್ಸುತ್ತೆ" ಅಂದಳು. ನನ್ನ ಕೈ ನಿಂತಿತು. ಅವಳೇ ಹಿಟ್ಟು ಬಳಿಯುತ್ತಾ, "ಆದ್ರೆ ನನ್ನ ಮಗಳ ತಲೆ ಬಾಚೋರು ಯಾರು?" ಅಂತ ಕಣ್ಣೊರೆಸಿಕೊಂಡು ಎದ್ದು ಹೋದಳು.

ನಾನು ಹೆದರಿದೆ. ಅವಳ ತಾಯಿಗೆ ಹೇಳಿ ಕಳಿಸಲಾ ಅಂತ ಅವಳನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಮಾರನೇ ದಿನ ಅವಳ ಗಂಡ ಜಗಲಿಗೆ ಬಂದಾಗ, ಮನಸ್ಸು ಕರಗಲಿ ಅಂತ ಕೆರೆಯ ಮಾತನ್ನು ಅವನಿಗೆ ಹೇಳಿಬಿಟ್ಟೆ. ಕರಗಿದ. ಕಣ್ಣು ತುಂಬಿ, ತನ್ನ ಒಡಲಲ್ಲಿದ್ದ ಒಂದು ವಿಷಯವನ್ನೂ ನನಗೆ ಹೇಳಿಕೊಂಡ. ಎಂಥ ಜಾಣೆ ನಾನು ಅಂತ ಬೀಗಿದೆ.

ಹದಿನೈದು ದಿನಕ್ಕೆ ಅವಳಿಗೆ ಕೋರ್ಟಿನ ಕಾಗದ ಬಂತು. ತಾಯಿಗೆ ಬುದ್ಧಿ ಸ್ಥಿಮಿತವಿಲ್ಲ, ಕೆರೆಗೆ ಬೀಳುತ್ತೇನೆ ಅಂದಿದ್ದಾಳೆ, ಮಗು ತನಗೇ ಬೇಕು ಅಂತ ಗಂಡ ಕೇಸು ಹಾಕಿದ್ದ. ಸಾಕ್ಷಿ ನಾನು!

ಅವಳು ನಮ್ಮ ಬಾಗಿಲಿಗೆ ಬಂದು ಕೇಳಿದ್ದು ಒಂದೇ. "ನಾನು ಒರಳಿಗೆ ಹೇಳಿದ್ದಾ, ಊರಿಗೆ ಹೇಳಿದ್ದಾ ಅಕ್ಕಾ?"

ಕೋರ್ಟಿನಲ್ಲಿ ಗಂಡನ ವಕೀಲರು ಕೇಳಿದರು. "ಈಕೆ ಆ ಮಾತು ಆಡಿದ್ದು ನಿಜವೋ ಸುಳ್ಳೋ?"

"ಅದು ಅವಳ ಮಾತು ಸ್ವಾಮಿ. ಅವಳನ್ನ ಕೇಳದೆ ಹೇಳಲ್ಲ."

"ನೀವೇನು ಡಾಕ್ಟರಾ? ವಕೀಲರಾ?"

"ದೋಸೆಹಿಟ್ಟು ರುಬ್ಬೋಳು."

ಎಲ್ಲರೂ ನಕ್ಕರು. ನಗಲಿ. ಜಡ್ಜ್ ಸಾಹೇಬರು ಮಾತ್ರ ನಗಲಿಲ್ಲ. "ಅಮ್ಮಾ, ಇಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಇಲ್ಲದಿದ್ದರೆ ಶಿಕ್ಷೆ ಆಗುತ್ತೆ" ಅಂದರು.

"ಆಗಲಿ ಸ್ವಾಮಿ. ಒಂದು ಸಲ ಅವಳನ್ನ ಕೇಳದೆ ಬಾಯಿ ಬಿಟ್ಟಿದ್ದಕ್ಕೇ ಅವಳ ಮಗು ಇವತ್ತು ಇಲ್ಲಿ ಬಂದು ಕೂತಿದೆ. ಇನ್ನೊಂದು ಸಲ ಬಿಡಲ್ಲ."

ಆಗ ಆ ಹುಡುಗಿ ಎದ್ದಳು. "ಹೇಳಕ್ಕಾ. ಆದ್ರೆ ಪೂರ್ತಿ ಹೇಳು."

ಹೇಳಿದೆ. ಕೆರೆಯ ಮಾತು ಹೇಳಿದೆ, ತಲೆ ಬಾಚುವ ಮಾತೂ ಹೇಳಿದೆ. ಆ ಎರಡನೆಯದನ್ನು ನಾನು ಅವಳ ಗಂಡನಿಗೆ ಹೇಳಿಯೇ ಇರಲಿಲ್ಲ. ಅವನಿಗೆ ಮುಟ್ಟಿದ್ದು ಅರ್ಧ, ಆ ತಪ್ಪು ನನ್ನದು ಅಂತ ಅಷ್ಟು ಜನರ ಮುಂದೆ ಒಪ್ಪಿಕೊಂಡೆ.

ಕೂಡಲೇ ಹುಡುಗಿಯ ಕಡೆ ವಕೀಲರು ಎದ್ದರು. "ಜಗಲಿ ಮೇಲೆ ಗಂಡ ನಿಮಗೆ ಏನು ಹೇಳಿದ? ಅದನ್ನೂ ಹೇಳಿ."

ಅವನ ಕಡೆ ನೋಡಿದೆ. ಮುಖದಲ್ಲಿ ರಕ್ತವಿಲ್ಲ. ನಾನು ಹೇಳಿದ್ದರೆ ಮಗು ಅವನ ಕೈಗೆ ಖಂಡಿತ ಹೋಗುತ್ತಿರಲಿಲ್ಲ.

"ಅದು ಅವರ ಮಾತು. ಅವರು ಹೇಳು ಅಂದ್ರೆ ಹೇಳ್ತೀನಿ."

ಅವನು ಬೇಡ ಅಂತ ತಲೆಯಾಡಿಸಿದ.

"ಅಕ್ಕಾ, ನನ್ನ ಮಗು ಹೋಗ್ಬಿಡುತ್ತೆ!" ಹುಡುಗಿ ಕೂಗಿಕೊಂಡಳು. ಕಟಕಟೆಯ ಮರ ಗಟ್ಟಿಯಾಗಿ ಹಿಡಿದುಕೊಂಡೆ. ಆದರೂ ಬಾಯಿ ಬಿಡಲಿಲ್ಲ. ಇವಳ ಮಾತಿಗೆ ಒಂದು ಬೆಲೆ, ಅವನ ಮಾತಿಗೆ ಇನ್ನೊಂದು ಬೆಲೆ ಅಂತ ಶುರುವಾದರೆ, ನಾಳೆ ನಮ್ಮ ಹಿತ್ತಲಿಗೆ ಯಾರು ಬರುತ್ತಾರೆ?

ನನ್ನನ್ನೇ ನೋಡುತ್ತಿದ್ದ ಗಂಡ ತಾನಾಗೇ ಎದ್ದು, "ಮಗು ಅವಳ ಹತ್ರಾನೇ ಇರಲಿ ಸ್ವಾಮಿ. ನಂಗೆ ಕೇಸು ಬೇಡ" ಅಂದ. ಅವನ ವಕೀಲರು ತೋಳು ಹಿಡಿದು ಎಳೆದರೂ ಕೂರಲಿಲ್ಲ.

ಹುಡುಗಿ ಒಂದು ತಿಂಗಳು ನನ್ನನ್ನು ಮಾತಾಡಿಸಲಿಲ್ಲ. ನಲ್ಲಿ ಹತ್ತಿರ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಅವಳ ಸಿಟ್ಟು ನ್ಯಾಯವೇ. ಆಮೇಲೊಂದು ಬೆಳಿಗ್ಗೆ ಹಿತ್ತಲಿಗೆ ಬಂದು, ಉದ್ದಿನಬೇಳೆಯ ಪಾತ್ರೆಯನ್ನು ಠಣ್ ಅಂತ ಕುಕ್ಕಿದಳು. "ಸರ್ಕೋ ಆಚೆ, ನಾನು ರುಬ್ತೀನಿ. ನೀನು ತಿರುಗಿಸೋದು ಮೆತ್ತಗೆ, ಏನೂ ನುಣ್ಣಗಾಗಲ್ಲ." ಮಗು ಎರಡು ಜಡೆ ಹಾಕಿಕೊಂಡು ಪಕ್ಕದಲ್ಲಿ ನಿಂತಿತ್ತು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಬಾಯಿ ತೆರೆದುಕೊಂಡು ಕೇಳಿದಳು. ಆಮೇಲೆ ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದು, "ಅಜ್ಜಿ, ಅವನು ಜಗಲಿ ಮೇಲೆ ಏನು ಹೇಳಿದ್ದ? ಈಗ ಅವರ್ಯಾರೂ ಇಲ್ವಲ್ಲಾ, ನಂಗೊಬ್ಬಳಿಗೆ ಹೇಳು" ಅಂದಳು.

"ಹೋಗೇ! ಬೋರ್ಡು ಹಾಕಿಕೊಂಡಿರೋಳು ನೀನು, ಕೇಳೋಕೆ ನಾಚಿಕೆ ಆಗಲ್ವಾ?" ಅಂದು ಅವಳ ಬಾಯಿಗೆ ಇನ್ನೊಂದು ಮೈಸೂರುಪಾಕು ತುರುಕಿದೆ.