ಮೊದಲ ವಾಸನೆ ಡ್ರೈವರಿಗೆ

ಈ ಊರಿನಲ್ಲಿ ಬಿಯರಿನ ವಿಷಯವನ್ನು ಅರೆದು ಕುಡಿದವರು ಯಾರು ಎಂದು ಕೇಳಿದರೆ ತಿಳಿದವರೆಲ್ಲ ಬೆರಳು ತೋರಿಸುತ್ತಿದ್ದುದು ಒಬ್ಬ ಸ್ಕೂಲ್ ಬಸ್ ಡ್ರೈವರ್ ಕಡೆಗೆ. ತಮಾಷೆಯೆಂದರೆ ಅವನು ವಿಷಯವನ್ನು ಅರೆದು ಕುಡಿದಿದ್ದನೇ ಹೊರತು ಬಿಯರನ್ನು ಕುಡಿಯುತ್ತಿರಲಿಲ್ಲ.

ವಾರದ ಐದು ದಿನ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಕರೆತರುವುದು ಅವನ ಕೆಲಸ. ತಿಂಗಳ ಎರಡನೇ ಭಾನುವಾರ ತನ್ನದೇ ಹಳೆಯ ವ್ಯಾನನ್ನು ತೊಳೆದು, ಮೂವರು ಗೆಳೆಯರನ್ನು ಕೂರಿಸಿಕೊಂಡು, ಊರಾಚೆಗಿನ ಸಣ್ಣಪುಟ್ಟ ಬ್ರೂವರಿಗಳಿಗೆ ಕರೆದೊಯ್ಯುವುದು ಅವನ ಹುಚ್ಚು. ಮೂವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಇನ್ನೊಬ್ಬರು ಪ್ರೆಸ್ಸಿನ ಯಜಮಾನರು. ಮೂರನೆಯವರು ಔಷಧಿ ಅಂಗಡಿಯವರು; ವಾರವೆಲ್ಲ ಗಿರಾಕಿಗಳಿಗೆ ಊಟಕ್ಕೆ ಮುಂಚೆಯೋ ಊಟದ ಮೇಲೋ ಎಂದು ಹೇಳಿ ಹೇಳಿ ಸುಸ್ತಾಗಿ ಭಾನುವಾರ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಹಾಗಾಗಿ ಇಲ್ಲಿಯೂ ಅವರು ಮಾತಾಡುವುದಿಲ್ಲ, ಯಾರೂ ಕಾಯಬೇಡಿ.

ಇಪ್ಪತ್ತೆರಡು ವರ್ಷದ ಹಿಂದೆ ಮೊದಲ ಸಲ ಹೊರಟಾಗ, ಕುಡಿಯದೆ ಗಾಡಿ ಓಡಿಸುವವರು ಯಾರು ಎಂಬ ಪ್ರಶ್ನೆ ಬಂತು. ಮೂವರೂ ಕಿಟಕಿಯಾಚೆ ನೋಡಿದರು. ‘ನಾನೇ ಓಡಿಸ್ತೀನಿ ಬಿಡಿ. ನನ್ನ ಲೈಸೆನ್ಸು ಹೋದ್ರೆ ಮನೇಲಿ ಒಲೆ ಉರಿಯಲ್ಲ’ ಎಂದ ಡ್ರೈವರ್. ಅಲ್ಲಿಗೆ ಹೋದ ಮೇಲೆ ಡಾಕ್ಟರಿಗೆ ಮನಸ್ಸು ಚುರುಕ್ ಎಂದಿತು. ತಮ್ಮ ಗ್ಲಾಸನ್ನು ಅವನ ಮುಂದೆ ಹಿಡಿದು, ‘ಕುಡಿಯೋದು ಬೇಡ, ಮೂಸಿಯಾದ್ರೂ ನೋಡಿ’ ಎಂದರು.

ಡ್ರೈವರ್ ಮೂಸಿದ. ಕಣ್ಣು ಮುಚ್ಚಿದ. ‘ಮೊದಲು ಹಸಿ ಹುಲ್ಲು. ಆಮೇಲೆ ನೀರು ಬಿದ್ದ ಸಿಮೆಂಟು. ಕೊನೇಲಿ ಒಂಚೂರು ಪುಸ್ತಕದ ಅಂಟು.’

ಪ್ರೆಸ್ಸಿನ ಯಜಮಾನರು ಒಂದು ಗುಟುಕು ಕುಡಿದು ಹಾಗೇ ನಿಂತುಬಿಟ್ಟರು. ‘ಅಂಟು ಹೌದು ಕಣ್ರೀ. ದಿನಾ ಅಂಟಿನ ಡಬ್ಬದ ಪಕ್ಕ ಕೂರೋ ನನಗೇ ಹೊಳೀಲಿಲ್ಲವಲ್ಲ!’

ಇದರಲ್ಲಿ ಅಂಥ ಪವಾಡವೇನೂ ಇರಲಿಲ್ಲ. ಐವತ್ತು ಮಕ್ಕಳ ಬಸ್ಸು ಓಡಿಸುವವನಿಗೆ ಮೂಗು ಎರಡನೇ ಕನ್ನಡಿ. ಯಾವ ಮಗು ಈಗ ವಾಂತಿ ಮಾಡಿಕೊಳ್ಳಲಿದೆ, ಯಾರ ಚೀಲದಲ್ಲಿ ಮೊನ್ನೆಯ ಬಾಳೆಹಣ್ಣು ಕೊಳೆಯುತ್ತಿದೆ, ಯಾವ ಬ್ರೇಕು ಕಾದು ಬಿಸಿಯಾಗುತ್ತಿದೆ ಎಂಬುದನ್ನೆಲ್ಲ ಹಿಂತಿರುಗಿ ನೋಡದೆ ಹೇಳಬೇಕು, ಹೇಳುತ್ತಿದ್ದ. ಆದರೆ ಅಂದಿನಿಂದ ಆ ಗುಂಪಿನಲ್ಲಿ ಒಂದು ಕಟ್ಟಳೆಯಾಯಿತು: ಯಾವ ಬ್ರೂವರಿಗೆ ಹೋದರೂ ಮೊದಲ ವಾಸನೆ ಡ್ರೈವರಿಗೆ. ಅವನು ಮೂಸಿ ಹೇಳುವ ತನಕ ಉಳಿದವರು ತುಟಿಗೆ ತಾಗಿಸುವಂತಿಲ್ಲ. ಬಾಯಾರಿ ಕೂತ ಮೂವರು ದೊಡ್ಡ ಮನುಷ್ಯರು ಒಬ್ಬನ ಮೂಗಿನ ಹೊಳ್ಳೆಗಳನ್ನೇ ನೋಡುತ್ತ ಕಾಯುವ ಚಂದ ನೋಡಬೇಕಿತ್ತು. ಅವನಿಗೆ ‘ಮೂಗು ಮೇಷ್ಟ್ರು’ ಎಂಬ ಹೆಸರು ಬಿದ್ದದ್ದು ಆಗಲೇ.

ಒಂದೇ ಒಂದು ಸಲ ಅವನು ಕುಡಿದು ನೋಡಿದ್ದುಂಟು. ಮಾರನೆಯ ದಿನ ರಜೆಯಿದ್ದಾಗ, ತಾನು ಹಾಡಿ ಹೊಗಳಿದ್ದ ಒಂದು ಬಾಟಲಿಯನ್ನು ಮನೆಗೆ ತಂದು, ಹೆಂಡತಿಯನ್ನೂ ಎದುರಿಗೆ ಕೂರಿಸಿಕೊಂಡು ಗುಟುಕರಿಸಿದ. ಮೂಗು ಹತ್ತು ಸಂಗತಿ ಹೇಳಿತ್ತು. ನಾಲಿಗೆ ಒಂದೇ ಹೇಳಿತು, ಕಹಿ. ಹೆಂಡತಿ ನಾಲಿಗೆಯ ತುದಿಗೆ ತಾಗುವಷ್ಟು ರುಚಿ ನೋಡಿ ಮುಖ ಹಿಂಡಿದಳು. ‘ಈ ಕಷಾಯಕ್ಕಾ ನೀವು ಭಾನುವಾರ ಬೆಳಿಗ್ಗೆ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕ್ಕೊಂಡು ಹೋಗೋದು?’ ಅವನು ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿದ. ಗೆಳೆಯರ ಮುಂದೆ ಮಾತ್ರ ಈ ವಿಷಯ ಬಾಯಿಬಿಡಲಿಲ್ಲ.

ಅವರು ಹೋಗದ ಬ್ರೂವರಿಯಿಲ್ಲ. ಆದರೆ ವರ್ಷಕ್ಕೆ ನಾಲ್ಕೈದು ಸಲ ವ್ಯಾನು ತಾನಾಗಿ ತಿರುಗುತ್ತಿದ್ದುದು ರೈಲ್ವೆ ಗೇಟಿನಾಚೆ, ಮುಚ್ಚಿಹೋದ ನೂಲಿನ ಗಿರಣಿಯ ಗೋದಾಮಿನತ್ತ. ಅಲ್ಲಿ ಗಂಡ ಹೆಂಡತಿ ಇಬ್ಬರೇ ಬಿಯರ್ ಮಾಡುತ್ತಿದ್ದರು. ಕುದಿಸುವುದು, ಹುದುಗು ಬರಿಸುವುದು ಗಂಡನ ಪಾಲು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಕಬ್ಬಿಣದ ಡ್ರಮ್ಮಿನಲ್ಲಿ ತಿರುಗಿಸುತ್ತ ಸೌದೆ ಬೆಂಕಿಯ ಮೇಲೆ ಹುರಿಯುವುದು ಹೆಂಡತಿಯ ಪಾಲು. ಡ್ರೈವರ್ ಅವನನ್ನು ಅಣ್ಣ ಎಂದೂ ಆಕೆಯನ್ನು ಅತ್ತಿಗೆ ಎಂದೂ ಕರೆಯುತ್ತಿದ್ದ.

ಅತ್ತಿಗೆಗೆ ಈ ಕುಡಿಯದ ಬಿಯರ್ ಪಂಡಿತನ ಮೇಲೆ ಒಂದು ಬಗೆಯ ಅಕ್ಕರೆ. ವ್ಯಾನು ಅಂಗಳಕ್ಕೆ ಬಂದು ನಿಲ್ಲುವಷ್ಟರಲ್ಲಿ ಬೂದು ಬಣ್ಣದ ಉಣ್ಣೆಯ ಸ್ವೆಟರಿನ ತೋಳು ಮಡಚಿಕೊಂಡು, ಗ್ಲಾಸು ಹಿಡಿದು ಬಂದೇಬಿಡುತ್ತಿದ್ದಳು. ಅವನು ಇಳಿಯುವುದಕ್ಕೂ ಬಿಡದೆ ಕಿಟಕಿಯೊಳಗೆ ಕೈ ಚಾಚಿ, ‘ನಿಮ್ಮ ಪಾಲು ತಗೊಳ್ಳಿ ಮೇಷ್ಟ್ರೇ, ಇವರ ಬಾಯಿ ಒಣಗ್ತಾ ಇದೆ’ ಎನ್ನುತ್ತಿದ್ದಳು. ಆ ಭಾನುವಾರಗಳನ್ನು ನೆನೆದರೆ ಅವನಿಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ. ಬಿಸಿಲು, ಗಿರಣಿಯ ಗೋಡೆ, ಒಳಗೆ ಬೆಂಚಿನ ಮೇಲೆ ಡಾಕ್ಟರು ಹೇಳುವ ಹಲ್ಲಿನ ಕತೆಗಳು, ಸಂಜೆ ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಮೂವರ ಗೊರಕೆ. ಅಷ್ಟೇ ಇದ್ದದ್ದು, ಅದೇ ಬೇಕಾದಷ್ಟಾಗಿತ್ತು.

ಒಂದು ಸಲ ಅತ್ತಿಗೆ ಹೀಗೇ ಕಿಟಕಿಯ ಹತ್ತಿರ ನಿಂತು ಡ್ರೈವರನ ಮಾತಿಗೆ ಸಿಕ್ಕಿಕೊಂಡಳು. ಬಸ್ಸಿನಲ್ಲಿ ಹಲ್ಲು ಬಿದ್ದ ಒಂದು ಮಗು ಅದನ್ನು ಹುಡುಕಿ ಕೊಡುವ ತನಕ ಇಳಿಯುವುದಿಲ್ಲವೆಂದು ಹಟ ಹಿಡಿದ ಕತೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ಒಳಗೆ ಡ್ರಮ್ಮಿನಲ್ಲಿದ್ದ ಮಾಲ್ಟು ಕಪ್ಪಾಗಿತ್ತು. ಅಣ್ಣ ಕೂಗಾಡಿದ. ಚೆಲ್ಲಲು ಮನಸ್ಸು ಬಾರದೆ ಅದರಲ್ಲೇ ಬಿಯರ್ ಮಾಡಿದ. ಅದು ಎಂಥ ಬಿಯರ್ ಆಯಿತೆಂದರೆ, ಕುಡಿದ ಮೂವರೂ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಔಷಧಿ ಅಂಗಡಿಯವರ ಮೌನಕ್ಕೂ ಆವತ್ತು ಬೇರೆ ಅರ್ಥ ಬಂತು. ‘ಹೊತ್ತಿದ ಬಿಯರ್’ ಎಂದು ಅದಕ್ಕೆ ಹೆಸರಿಟ್ಟರು. ಒಂದೇ ತೊಟ್ಟಿ ಆದದ್ದು. ಇನ್ನೊಂದು ಸಲ ಮಾಡೋಣ, ಮಾಡೋಣ ಎನ್ನುವುದರಲ್ಲೇ ವರ್ಷಗಳು ಉರುಳಿದವು. ನಾಲ್ಕು ವರ್ಷದ ಹಿಂದೆ ಮೂರೇ ವಾರದ ಕಾಯಿಲೆಯಲ್ಲಿ ಅತ್ತಿಗೆ ಹೋಗಿಬಿಟ್ಟಳು.

ಆಕೆ ಹೋದ ಎರಡು ತಿಂಗಳಿಗೆ ಅಣ್ಣ ತಾನೇ ಡ್ರಮ್ಮಿನ ಮುಂದೆ ಕೂತು ಮಾಲ್ಟು ಹೊತ್ತಿಸಿದ. ಆ ಬಿಯರನ್ನು ಅವಳ ನೆನಪಿಗೆ ಮತ್ತೆ ಮಾಡಬೇಕು, ಅದನ್ನು ಮಗಳ ಕೈಗೆ ಕೊಟ್ಟು ತಾನು ಸುಮ್ಮನಾಗಬೇಕು ಎಂಬುದೊಂದೇ ಅವನ ಆಸೆ. ಗೆಳೆಯರು ಮೂವರೂ ಕಟ್ಟಳೆಯನ್ನೂ ಮರೆತು ಮೊದಲೇ ಕುಡಿದು ಇದೇ ಎಂದು ತಲೆಯಾಡಿಸಿದರು. ಅಣ್ಣ ಒಪ್ಪಲಿಲ್ಲ. ‘ನೀವು ಕುಡಿದವರು. ಕುಡಿದವರ ನೆನಪನ್ನ ನಾನು ನಂಬಲ್ಲ. ಅವನು ಹೇಳ್ಲಿ.’

ಡ್ರೈವರ್ ಮೇಜಿನ ಮೇಲಿದ್ದ ಗ್ಲಾಸನ್ನು ಎತ್ತಿ ಮೂಸಿದ. ಮತ್ತೆ ಮೂಸಿದ. ‘ಹತ್ತಿರ ಬಂದಿದೆ ಅಣ್ಣಾ. ಆದ್ರೆ ಏನೋ ಒಂದು ಇಲ್ಲ.’

ಆ ಒಂದು ಮಾತಿಗೆ ಅಣ್ಣ ನಾಲ್ಕು ವರ್ಷ ದುಡಿದ. ಸೌದೆ ಬದಲಿಸಿದ, ಬಾರ್ಲಿ ಬದಲಿಸಿದ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಬದಲಿಸಿದ, ನೀರನ್ನು ಬೇರೆ ಬಾವಿಯಿಂದ ತರಿಸಿದ. ಹನ್ನೊಂದು ಸಲ ಮಾಡಿದ. ಹನ್ನೊಂದು ಸಲವೂ ಡ್ರೈವರ್ ಪ್ರಾಮಾಣಿಕವಾಗಿ ಮೂಸಿ, ಪ್ರಾಮಾಣಿಕವಾಗಿ ತಲೆ ಅಲ್ಲಾಡಿಸಿದ. ಉಳಿದ ವಿಷಯದಲ್ಲಿ ಹೇಗೋ ಏನೋ, ವಾಸನೆಯ ವಿಷಯದಲ್ಲಿ ಅವನು ಸುಳ್ಳು ಹೇಳಿದವನಲ್ಲ, ಆ ಹೆಮ್ಮೆ ಅವನಿಗೆ ತುಸು ಜಾಸ್ತಿಯೇ ಇತ್ತು.

ಈ ಸಲ ಹೊರಡುವ ಮುಂಚಿನ ಗುರುವಾರ ಅಣ್ಣನ ಮಗಳು ಫೋನು ಮಾಡಿದಳು. ಡ್ರೈವರ್ ಬಸ್ಸನ್ನು ಸ್ಕೂಲಿನ ಗೋಡೆಯ ಪಕ್ಕ ನಿಲ್ಲಿಸಿಕೊಂಡಿದ್ದ.

‘ಮಾಮ, ಅಪ್ಪನ ಎದೆ ಸರಿಯಿಲ್ಲ. ಮೂಟೆ ಎತ್ತಬಾರ್ದು, ಬೆಂಕಿ ಮುಂದೆ ಕೂರಬಾರ್ದು ಅಂದಿದ್ದಾರೆ ಆಸ್ಪತ್ರೆ ಡಾಕ್ಟ್ರು. ಅವರು ಎಲ್ಲಿ ಕೇಳ್ತಾರೆ? ಮತ್ತೆ ಮಾಡಿದ್ದಾರೆ. ಈ ಸಲ ಹೇಗಿದ್ರೂ ಸರಿ, ಹೌದು ಅಂದ್ಬಿಡಿ.’

‘ಅದು ಹೇಗಮ್ಮ…’

‘ನಿಮ್ಮ ಮೂಗು ದೊಡ್ಡದಾ, ಅಪ್ಪ ದೊಡ್ಡೋರಾ?’

‘ನೋಡೋಣಮ್ಮ’ ಎಂದ. ಮೂರು ದಿನ ಅದನ್ನೇ ಹಿಂದುಮುಂದು ಮಾಡಿ ಯೋಚಿಸಿದ. ಇಲ್ಲ ಎಂದರೆ ಅಣ್ಣ ಮತ್ತೆ ಬೆಂಕಿಯ ಮುಂದೆ ಕೂರುತ್ತಾನೆ, ಆಗಬಾರದ್ದು ಆಗಿಹೋಗುತ್ತದೆ. ಹೌದು ಎಂದರೆ ಅತ್ತಿಗೆಯ ಹೆಸರಿನಲ್ಲಿ ಸುಳ್ಳು ಹೇಳಿದ ಹಾಗೆ.

ಭಾನುವಾರ ವ್ಯಾನು ಅಂಗಳದಲ್ಲಿ ನಿಂತಿತು. ಗೆಳೆಯರು ಇಳಿದು ಒಳಗೆ ಹೋದರು. ಡ್ರೈವರ್ ಮಾತ್ರ ಸ್ಟಿಯರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದ. ಒಳಗೆ ಹೋಗಲು ಧೈರ್ಯ ಬರಲಿಲ್ಲ. ಹತ್ತು ನಿಮಿಷ ನೋಡಿ ಮಗಳೇ ಗ್ಲಾಸು ಹಿಡಿದು ಬಂದಳು. ತೊಟ್ಟಿ ತೊಳೆಯುತ್ತಿದ್ದಳೇನೋ, ಕೂದಲು ಒದ್ದೆಯಾಗಿತ್ತು. ಕಿಟಕಿಯೊಳಗೆ ಕೈ ಚಾಚಿ ಮೆಲ್ಲಗೆ, ‘ಹೇಳಿದ್ದು ನೆನಪಿದೆ ತಾನೇ ಮಾಮ?’ ಎಂದಳು.

ಅವನು ಮೂಸಿದ. ಮೈ ಜುಮ್ಮೆಂದಿತು. ಅದೇ. ನಾಲ್ಕು ವರ್ಷದಿಂದ ಇಲ್ಲ ಇಲ್ಲ ಎಂದಿದ್ದ ಆ ಒಂದು, ಗ್ಲಾಸಿನ ಅಂಚಿನಲ್ಲಿ ಇತ್ತು. ಅವನ ಕಣ್ಣಲ್ಲಿ ನೀರು ನಿಂತಿತು. ‘ಇದೇ ಕಣಮ್ಮ, ಇದೇ’ ಎಂದ. ಮಾಮ ಇಷ್ಟು ಚೆನ್ನಾಗಿ ನಟಿಸಬಲ್ಲರೆಂದು ಆಕೆಗೆ ಗೊತ್ತಿರಲಿಲ್ಲ. ಗ್ಲಾಸನ್ನು ಅವನ ಕೈಯಲ್ಲಿಟ್ಟು, ಅಪ್ಪನಿಗೆ ಹೇಳಲು ಒಳಗೆ ಓಡಿದಳು.

ಡ್ರೈವರ್ ಇಳಿದ. ಅಂಗಳ ದಾಟುವಾಗ ಆಸೆ ತಡೆಯದೆ ಇನ್ನೊಮ್ಮೆ ಮೂಸಿದ. ಇರಲಿಲ್ಲ. ಹತ್ತಿರ ಬಂದಿತ್ತು, ಆದರೆ ಏನೋ ಒಂದು ಇರಲಿಲ್ಲ. ಅವನು ಅಂಗಳದ ನಡುವೆ ನಿಂತು ಬಾಗಿಲಿನ ಕಡೆ ನೋಡಿದ. ಒಳಗೆ ಸುದ್ದಿ ಮುಟ್ಟಿಸಿ ಮತ್ತೆ ಬಾಗಿಲಿಗೆ ಬಂದ ಮಗಳು ಬೂದು ಬಣ್ಣದ ಸ್ವೆಟರಿನ ತೋಳು ಮಡಚಿಕೊಂಡಿದ್ದಳು.

‘ಅದು ಯಾರ ಸ್ವೆಟರು ಮಗಳೇ?’

‘ಅಮ್ಮಂದು. ನಂದು ನೆನೆದುಹೋಯ್ತು. ಇದು ಹುರಿಯೋ ಕೋಣೆ ಮೊಳೇಲೇ ನೇತಾಡ್ತಿತ್ತು, ಹಾಕ್ಕೊಂಡೆ. ಯಾಕೆ ಮಾಮ?’

ಅವನು ಒಳಗೆ ಹೋದ. ಅಣ್ಣ ಬೆಂಚಿನ ಮೇಲೆ ಕೂತು ಮಗುವಿನ ಹಾಗೆ ಅಳುತ್ತ ನಗುತ್ತಿದ್ದ. ಡಾಕ್ಟರು ಅವನ ಬೆನ್ನು ಸವರುತ್ತಿದ್ದರು.

‘ಈ ಸಲ ಏನು ಬದಲಾಯಿಸ್ದೆ ಗೊತ್ತೇನೋ? ಏನೂ ಇಲ್ಲ. ಕೈಲಾಗ್ಲಿಲ್ಲ. ಅವಳು ಹೋದ್ಮೇಲೆ ಮೊದಲನೇ ಸಲ ಹೇಗೆ ಮಾಡಿದ್ನೋ ಹಾಗೇ ಮಾಡಿ ಇಟ್ಟೆ.’ ಅಣ್ಣನ ನಗು ಅಲ್ಲೇ ನಿಂತಿತು. ‘ಆವತ್ತು ನೀನು ಇಲ್ಲ ಅಂದಿದ್ದೆಯಲ್ಲ?’

‘ನೆಗಡಿ ಆಗಿತ್ತು ಅನ್ಸುತ್ತೆ ಆವತ್ತು’ ಎಂದರು ಡಾಕ್ಟರು ಪಕ್ಕದಿಂದ. ತಪ್ಪಿಸಿಕೊಳ್ಳಲು ಒಳ್ಳೆಯ ದಾರಿಯಾಗಿತ್ತು. ಬಾಗಿಲಲ್ಲಿ ನಿಂತ ಮಗಳು ಕಣ್ಣಲ್ಲೇ ಬೇಡಿಕೊಂಡಳು. ಹೂಂ ಎಂದರೆ ಮುಗಿದುಹೋಗುತ್ತಿತ್ತು.

‘ನೆಗಡಿ ಇರ್ಲಿಲ್ಲ ಅಣ್ಣಾ’ ಎಂದ ಡ್ರೈವರ್. ‘ಬಿಯರು ಮೊದಲನೇ ಸಲವೇ ಸರಿಯಾಗಿತ್ತು. ತಪ್ಪು ನನ್ನದು. ಅತ್ತಿಗೆ ಯಾವಾಗ್ಲೂ ಕಿಟಕೀಲಿ ಕೈ ಚಾಚಿ ಕೊಡ್ತಿದ್ರು. ಅವರ ಸ್ವೆಟರಿನ ತೋಳು ನನ್ನ ಮುಖದ ಹತ್ತಿರ ಇರ್ತಿತ್ತು. ಬಿಯರಿಂದು ಯಾವುದು, ತೋಳಿಂದು ಯಾವುದು ಅಂತ ನನ್ನ ಮೂಗಿಗೆ ಗೊತ್ತಾಗ್ಲಿಲ್ಲ. ಇವತ್ತು ಇವಳು ಅದನ್ನ ಹಾಕ್ಕೊಂಡು ಬಂದಾಗ ಗೊತ್ತಾಯ್ತು. ನಾನು ಇಲ್ಲ ಇಲ್ಲ ಅಂತಿದ್ದದ್ದು ಬಿಯರಿನ ವಾಸನೆಯೇ ಅಲ್ಲ. ನಾಲ್ಕು ವರ್ಷ ಸುಮ್‌ಸುಮ್ಮನೆ ನಿಮ್ಮ ಜೀವ ತೇಯಿಸ್ಬಿಟ್ಟೆ.’

ಒಬ್ಬ ಮನುಷ್ಯನ ಎದುರಿಗೆ ಅವನ ಹೆಂಡತಿಯ ಮೈಯ ವಾಸನೆಯ ಮಾತು ಎತ್ತಿದ್ದಕ್ಕೆ ಡ್ರೈವರಿಗೆ ಕಿವಿಯ ತುದಿಯವರೆಗೂ ಬಿಸಿಯಾಗಿತ್ತು. ಅಣ್ಣ ಬೈಯಲಿಲ್ಲ. ಮಗಳ ಕಡೆ ಕೈ ನೀಡಿದ. ಆಕೆ ಸ್ವೆಟರು ಬಿಚ್ಚಿ ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುಖಕ್ಕೆ ಒತ್ತಿಕೊಂಡು, ತುಂಬ ಹೊತ್ತು ಉಸಿರೆಳೆದ. ಆಮೇಲೆ ತೊಡೆಯ ಮೇಲೆ ಇಟ್ಟುಕೊಂಡ.

‘ನನಗೇನೂ ಬರ್ತಿಲ್ಲ’ ಎಂದ.

ಬರುವುದಾದರೂ ಹೇಗೆ? ನಲವತ್ತು ವರ್ಷ ಅದೇ ಹೊಗೆ, ಅದೇ ಮಾಲ್ಟು, ಅದೇ ಕೋಣೆ. ಮದುವೆಯಾದ ವರ್ಷವೇ ಅವನ ಮೂಗು ಅದನ್ನೆಲ್ಲ ಗಾಳಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿತ್ತು.

‘ಅವಳಿಗೆ ಅಂತ ಒಂದು ವಾಸನೆ ಇತ್ತೇನೋ?’

‘ಇತ್ತು ಅಣ್ಣಾ.’

‘ನನಗೆ ಗೊತ್ತೇ ಇರ್ಲಿಲ್ಲ.’ ಅಣ್ಣ ಬೆಂಚಿನಲ್ಲಿ ತುಸು ಸರಿದು ಜಾಗ ಮಾಡಿದ. ‘ಬಾ, ಕೂತ್ಕೋ. ಹೇಗಿತ್ತು ಹೇಳು.’

ಡ್ರೈವರ್ ಪಕ್ಕದಲ್ಲಿ ಕೂತ. ಗ್ಲಾಸನ್ನು ದೂರ ಇಟ್ಟು, ಎರಡು ದಶಕದಿಂದ ಬಿಯರಿಗೆ ಕಣ್ಣು ಮುಚ್ಚುತ್ತಿದ್ದ ಹಾಗೇ ಕಣ್ಣು ಮುಚ್ಚಿದ.

‘ಮೊದಲು ಸೌದೆ ಹೊಗೆ ಅಣ್ಣಾ. ಬರೀ ಹೊಗೆ ಅಲ್ಲ, ಬೆಳಿಗ್ಗೆ ಆರಿಸಿಟ್ಟ ಒಲೇದು. ಅದರ ಹಿಂದೆ ಉಣ್ಣೆ, ಬಿಸಿಲಿಗೆ ಹಾಕಿ ತೆಗೆದದ್ದು. ಜೇಬಲ್ಲಿ ಒಣಗಿದ ಕಿತ್ತಳೆ ಸಿಪ್ಪೆ ಇಟ್ಕೊಳ್ತಿದ್ರು, ಅದೂ ಇತ್ತು.’

‘ಹೌದು, ಇಟ್ಕೊಳ್ತಿದ್ಲು’ ಎಂದ ಅಣ್ಣ. ಸ್ವೆಟರಿನ ಮೇಲೆ ಅವನ ಕೈ ಅಲುಗಲಿಲ್ಲ. ‘ಆಮೇಲೆ?’