ದೋಸೆಕಲ್ಲಿನ ಮೇಲೆ ಇಂಜೆರಾ

ವುಬಿತ್ ಮೊದಲ ಸಲ ಡೆಕ್ಸ್ಟರ್‌ನ ಬಾಯಿಗೆ ತುತ್ತಿಟ್ಟ ದಿನ, ಈಕೆ ತನ್ನನ್ನು ಅಳಿಯನಾಗಿ ಮಾಡಿಕೊಳ್ಳಲು ಹೊರಟಿದ್ದಾಳೆಂದು ಅವನು ತೀರ್ಮಾನಿಸಿಬಿಟ್ಟಿದ್ದ. ಅವನು ಟೊರೊಂಟೊ ಅಂಚಿನ ಸ್ಕಾರ್ಬರೋದ ಲಾರೆನ್ಸ್ ರಸ್ತೆಯ ಅಂಗಡಿಸಾಲಿನಲ್ಲಿ ಮೊಬೈಲ್ ರಿಪೇರಿ ಮಾಡುವ ಸಂಬಳದಾಳು, ಟ್ರಿನಿಡಾಡಿನವರ ಮಗ. ಆಕೆ ಎರಡು ಬಾಗಿಲಾಚೆ ಇಥಿಯೋಪಿಯಾದ ಊಟದಂಗಡಿ ನಡೆಸುವವಳು. ಮರುದಿನ ಇಸ್ತ್ರಿ ಅಂಗಿ ತೊಟ್ಟು, ಸೆಂಟು ಪೂಸಿಕೊಂಡು ಹೋದರೆ, ಆಕೆ ತಲೆ ನರೆತ ಅಂಚೆಯವನ ಬಾಯಿಗೂ ಅದೇ ಅಕ್ಕರೆಯಿಂದ ತುತ್ತಿಡುತ್ತಿದ್ದಳು. ಆಕೆಗೆ ಮಗಳೇ ಇಲ್ಲವೆಂಬುದು ಆಮೇಲೆ ತಿಳಿಯಿತು.

ಆ ಸಾಲಿನಲ್ಲಿ ಹಸಿದವನು ದಾರಿ ತಪ್ಪುವುದು ಸುಲಭ. ತುದಿಯಲ್ಲಿ ಆಫ್ಘನ್ನರ ತಂದೂರು, ಆಮೇಲೆ ಹಕ್ಕಾ ಚೀನಿಯರ ಬಾಣಲೆ, ನಡುವೆ ಜಾಫ್ನಾದ ಪರಂಜೋತಿಯ ದೋಸೆ ಹೋಟೆಲು, ಅದಕ್ಕೆ ಅಂಟಿಕೊಂಡು ವುಬಿತ್. ಮಧ್ಯಾಹ್ನ ಇಷ್ಟೂ ಅಡುಗೆಮನೆಗಳ ಘಮ ಪಾರ್ಕಿಂಗ್ ಜಾಗದಲ್ಲಿ ಬೆರೆತಾಗ, ಡಬ್ಬಿಯಲ್ಲಿ ಬ್ರೆಡ್ಡು ತಂದಿದ್ದ ಡೆಕ್ಸ್ಟರ್‌ಗೆ ಚಪ್ಪಲಿ ಹಾಕಿಕೊಂಡೇ ಗುಡಿಯೊಳಗೆ ಬಂದಷ್ಟು ನಾಚಿಕೆಯಾಗುತ್ತಿತ್ತು.

ಗೊಂದಾರಿನಲ್ಲಿ ಹುಟ್ಟಿದ ವುಬಿತ್ ಖಾರ್ಟೂಮಿನಲ್ಲಿ ಪರರ ಮಕ್ಕಳನ್ನು ಸಾಕಿ, ಟೊರೊಂಟೊದಲ್ಲಿ ಲಾಡ್ಜುಗಳ ಹಾಸಿಗೆ ಬದಲಿಸಿ, ಕೊನೆಗೆ ಈ ಅಂಗಡಿ ತೆರೆದವಳು. ಸಾರು ಕುದಿಸಲು ಯಾರನ್ನಾದರೂ ಬಿಟ್ಟಾಳು; ಹುಳಿಹಿಟ್ಟಿನ ಆ ಅಗಲ ರೊಟ್ಟಿ, ಇಂಜೆರಾ ಮಾತ್ರ ಆಕೆಯ ಕೈಯಿಂದಲೇ ಆಗಬೇಕು. "ಬೇರೆಯವ್ರ ಗಾಳಿ ಸೋಕಿದ್ರೂ ನನ್ನ ಹಿಟ್ಟು ಮುನಿಸ್ಕೊಳ್ಳುತ್ತೆ" ಅನ್ನುತ್ತಿದ್ದಳು.

ಆ ಶನಿವಾರ ವುಬಿತಳ ಇಗರ್ಜಿಯ ಹಿರಿಯಳು ಅಸ್ಕಾಲೆಯಮ್ಮನ ಮೊಮ್ಮಗನ ದೀಕ್ಷಾಸ್ನಾನ. ಆ ಇಗರ್ಜಿಯವರ ಔತಣಗಳ ಅಡುಗೆ ಯಾರ ಪಾಲಿಗೆ ಎಂಬುದು ಆ ಮುದುಕಿಯ ನಾಲಿಗೆಯ ಮೇಲಿತ್ತು. ಈ ಊಟ ಆಕೆಗೆ ಒಪ್ಪಿಗೆಯಾದರೆ ಬಾಡಿಗೆ ಬಾಕಿ ಬಿದ್ದ ವುಬಿತಳ ಅಂಗಡಿ ಉಳಿದೀತು, ಇಲ್ಲವಾದರೆ ಬೀಗ. ಹಿಟ್ಟು ಹದವಾಗಿ ಹುಳಿ ಬಂದಿತ್ತು, ನಾಳೆಗೆ ಕೆಡುವಂಥದ್ದು. ಬೆಳಿಗ್ಗೆ ನೋಡಿದರೆ ಕರೆಂಟಿನ ಹೆಂಚು ಬಿಸಿಯೇ ಆಗಲೊಲ್ಲದು.

"ಫೋನ್ ಬಿಚ್ಚಿ ಜೋಡಿಸ್ತೀಯಲ್ಲ, ಇದನ್ನೊಂದು ನೋಡೋ ಮಗ."

ಡೆಕ್ಸ್ಟರ್ ಬಿಗುಮಾನದಿಂದ ತನ್ನ ಕಡ್ಡಿಯಂಥ ಸ್ಕ್ರೂಡ್ರೈವರ್ ತೂರಿಸಿದ. ಟಪ್ಪೆಂದಿತು. ಅಡುಗೆಮನೆಯ ದೀಪವೂ ಹೋಯಿತು.

"ಭೇಷ್!" ಬಾಗಿಲಲ್ಲಿ ಬಂದು ನಿಂತ ಪರಂಜೋತಿ ಹೇಳಿದ. "ಅಕ್ಕಾ, ಇವನನ್ನ ಇನ್ನಷ್ಟು ಹೊತ್ತು ಬಿಟ್ರೆ ಇಡೀ ರಸ್ತೆ ಕತ್ತಲಾಗುತ್ತೆ. ಹಿಟ್ಟು ಎತ್ಕೊಂಡು ನನ್ನ ಕಲ್ಲಿಗೆ ಬಾ."

ವುಬಿತ್ ಅರೆಮನಸ್ಸಿನಿಂದ ಹೋದಳು. ಇಂಜೆರಾ ಮುಚ್ಚಿ ಬೇಯಿಸಲು ಹಕ್ಕಾದವರು ದೊಡ್ಡದೊಂದು ಮುಚ್ಚಳ ಕೊಟ್ಟರು. ಆ ಕಲ್ಲಿನ ಕಾವಿನ ಹದ ಪರಂಜೋತಿಗಷ್ಟೇ ಗೊತ್ತು, ಹಾಗಾಗಿ ಸುರಿಯುವ ಕೆಲಸ ಅವನದಾಯಿತು. ಕಾಟ ಕೊಟ್ಟಿದ್ದು ಅವನ ಕೈ. ದೋಸೆಯನ್ನು ನಡುವಿನಿಂದ ಅಂಚಿಗೆ ಹರಡಬೇಕು. ಇಂಜೆರಾವನ್ನು ಅಂಚಿನಿಂದ ನಡುವಿಗೆ ಸುತ್ತಿ ಸುರಿಯಬೇಕು. ಅದನ್ನು ಮಗುಚುವುದಂತೂ ಕೂಡದು. ವುಬಿತ್ ಹೇಳಿಕೊಟ್ಟು ಬಾಯಿ ಮುಚ್ಚುವಷ್ಟರಲ್ಲಿ ಅವನ ಕೈ ತನ್ನಷ್ಟಕ್ಕೆ ತಾನೇ ಮಗುಚೇಕಾಯಿ ತೂರಿಸಿ ಮೊದಲನೆಯದನ್ನು ಬೋರಲು ಹಾಕಿತು.

"ಪಾಪಿ, ಅದರ ಕಣ್ಣು ಸುಟ್ಟೆಯಲ್ಲೋ!"

"ನಾನಲ್ಲ ಅಕ್ಕ, ಈ ಕೈ!"

"ಹಾಗಾದ್ರೆ ಆ ಕೈನ ಹೊರಗೆ ಕಳ್ಸು!"

ಅವನು ಮಗುಚೇಕಾಯಿಯನ್ನು ಡೆಕ್ಸ್ಟರ್‌ಗೆ ಕೊಟ್ಟು, "ಕಾಲಿಗೆ ಬಿದ್ದು ಕೇಳಿದ್ರೂ ಕೊಡ್ಬೇಡ" ಎಂದ. ಮತ್ತೆ ಸುರಿದ, ಈ ಸಲ ಅಂಚಿನಿಂದ. ಹಿಟ್ಟಿನ ಮೇಲೆ ಎಲ್ಲೋ ಒಂದು ಗುಳ್ಳೆ ಒಡೆಯಿತು. ಪಕ್ಕದಲ್ಲಿ ಮತ್ತೊಂದು. ನೋಡುನೋಡುತ್ತಿದ್ದಂತೆ ಕಲ್ಲಿನ ಉದ್ದಗಲಕ್ಕೂ ಪುಟ್ಟ ಪುಟ್ಟ ಕಣ್ಣುಗಳು ತೆರೆದುಕೊಂಡವು. ಇಷ್ಟು ದಿನ ತಾನು ತಟ್ಟೆಯಲ್ಲಿ ಹರಿದು ತಿಂದದ್ದು ಹೀಗೆ ಎಚ್ಚರಗೊಳ್ಳುವ ವಸ್ತುವೆಂದು ಡೆಕ್ಸ್ಟರ್‌ಗೆ ತಿಳಿದಿರಲಿಲ್ಲ. ಉಸಿರು ಬಿಟ್ಟರೆ ಮುಚ್ಚಿಕೊಂಡಾವೆಂದು ಬಿಗಿಹಿಡಿದು ನಿಂತ. ಗಲ್ಲಾದಲ್ಲಿ ಗಿರಾಕಿಗಳು ಕೂಗುತ್ತಿದ್ದರೂ ಪರಂಜೋತಿ ಕದಲಲಿಲ್ಲ.

ವುಬಿತ್ ಬಗ್ಗಿ ನೋಡಿದಳು. ಹಿಟ್ಟಿನ ಪಾತ್ರೆಯನ್ನು ಪರಂಜೋತಿಯ ಕಡೆಗೆ ಸರಿಸಿ, ತನ್ನ ಸಾರು ನೋಡಲು ಹೋದಳು. ಉಳಿದದ್ದೆಲ್ಲ ಅವನೇ ಬೇಯಿಸಿದ.

ಮಧ್ಯಾಹ್ನ ವುಬಿತಳ ಜೊತೆ ಇಗರ್ಜಿಯ ಊಟದ ಕೋಣೆಗೆ ಬುಟ್ಟಿಗಳನ್ನು ಹೊತ್ತವನು ಡೆಕ್ಸ್ಟರ್. ಅಸ್ಕಾಲೆಯಮ್ಮ ಒಂದು ಇಂಜೆರಾ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಚೂರು ಹರಿದು ನಿಧಾನವಾಗಿ ಅಗಿದಳು. ಸುತ್ತಲಿನ ಹೆಂಗಸರು ಕತ್ತು ಚಾಚಿದರು.

"ನಿನ್ನ ಕೈ ನಂಗೆ ಗೊತ್ತು, ವುಬಿತ್. ನಿಜ ಹೇಳು, ಇದನ್ನ ಬೇಯ್ಸಿದ್ದು ನೀನೇನಾ?"

'ಹೂಂ ಅಂದ್ಬಿಡು ಆಂಟಿ' ಎಂದು ಡೆಕ್ಸ್ಟರ್ ಬುಟ್ಟಿಯ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡ.

"ಅಲ್ಲ," ಎಂದಳು ವುಬಿತ್. "ಪಕ್ಕದ ದೋಸೆಯವ್ನು. ನನಗಿಂತ ಚೆನ್ನಾಗ್ ಮಾಡಿದಾನೆ, ತಿನ್ನಿ."